ಬಿಳಿ ಅಗರ್, ಕೆಂಪು ಚುಕ್ಕೆ

ವಿಭಾಗದ ಮುಖ್ಯಸ್ಥರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೇ. ಅವರು ಪರದೇಶದ ಪದವಿ ಪಡೆದು ಬಂದವರು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಹುಬ್ಬಳ್ಳಿಯ ಅರಳೆ ಪೇಟೆಯಲ್ಲಿ ದಲಾಲಿ ಮಾಡಿ, ಬಾಯಿಯ ಬಲದಿಂದ ಧಾರವಾಡದ ಕಾಲೇಜಿನ ಉಗ್ರಾಣಕ್ಕೆ ಬಂದು ಕೂತವನು. ಜೀವಶಾಸ್ತ್ರ ವಿಭಾಗದ ಗಾಜು, ಸ್ಪಿರಿಟ್ಟು, ಸೀಮೆಎಣ್ಣೆ, ಕಪ್ಪೆಗಳ ತೊಟ್ಟಿ, ಎಲ್ಲದರ ಕೀಲಿ ನನ್ನ ಸೊಂಟದಲ್ಲಿ. ನೌಕರಿ ಮಾತ್ರ ಹಂಗಾಮಿ. ಮುಖ್ಯಸ್ಥರು ನನ್ನನ್ನು 'ದಲಾಲ' ಎಂದೇ ಕರೆಯುತ್ತಿದ್ದರು, ಅದೂ ವಿದ್ಯಾರ್ಥಿಗಳ ಎದುರಿಗೆ. ನಾನು ಅವರನ್ನು ಮನಸ್ಸಿನಲ್ಲಿ ಕರೆಯುತ್ತಿದ್ದ ಹೆಸರನ್ನು ಇಲ್ಲಿ ಬರೆಯುವುದು ಬೇಡ.

ನಮ್ಮ ವಿಭಾಗದಲ್ಲಿ ರೋಗದ ಕ್ರಿಮಿಗಳನ್ನು ಬೆಳೆಸಿ ನೋಡುವ ಒಂದು ಕೋಣೆ ಇತ್ತು. ಊರ ಬಾವಿಗಳ ನೀರನ್ನು ಪರೀಕ್ಷಿಸಿ ಹೇಳುವ ಕೆಲಸವನ್ನೂ ಅಲ್ಲಿಯೇ ಮಾಡುತ್ತಿದ್ದರು. ಕ್ರಿಮಿ ಬೆಳೆಯಬೇಕಾದರೆ ಅಗರ್ ಬೇಕು. ಅಗರ್ ಎಂದರೆ ಸಮುದ್ರದ ಪಾಚಿಯಿಂದ ಮಾಡಿದ ಒಣ ಎಳೆ. ನೀರಿನಲ್ಲಿ ಕುದಿಸಿ ಆರಲು ಬಿಟ್ಟರೆ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. ಮಾಂಸದ ರಸ ಬೆರೆಸಿ ಗಾಜಿನ ತಟ್ಟೆಗೆ ಹೊಯ್ದರೆ ಅದೇ ಕ್ರಿಮಿಗಳ ಹೊಲ. ಈ ಸರಕೆಲ್ಲ ಜಪಾನಿನಿಂದ ಬರುತ್ತಿತ್ತು. ಜಪಾನು ಯುದ್ಧಕ್ಕಿಳಿದ ಮೇಲೆ ಮುಂಬಯಿಯ ವ್ಯಾಪಾರಿಗಳು ಕಾಗದಕ್ಕೆ ಉತ್ತರ ಕೊಡುವುದನ್ನೇ ನಿಲ್ಲಿಸಿದರು.

ಹುಬ್ಬಳ್ಳಿಯ ಮುಸಲ್ಮಾನರ ಮನೆಗಳಲ್ಲಿ ರಂಜಾನ್ ತಿಂಗಳು ಹಾಲಿನ ಸಿಹಿ ಮಾಡುವುದು ಇದೇ ಅಗರಿನಿಂದ. ಅವರ ಬಾಯಲ್ಲಿ ಅದು ಚೈನಾ ಗ್ರಾಸು. ಅಲ್ಲಿ ನನ್ನ ಹಳೆಯ ದೋಸ್ತನೊಬ್ಬ ಗೋಲಿ ಸೋಡಾದ ಕಾರ್ಖಾನೆ ನಡೆಸುತ್ತಿದ್ದ. ಕಾರ್ಖಾನೆ ಎಂದರೆ ಮನೆಯ ಹಿತ್ತಲಲ್ಲಿ ಒಂದು ಯಂತ್ರ, ಒಂದು ಬಾವಿ, ಸಾಲು ಬಾಟ್ಲಿ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲು ಗ್ಯಾಸಿನ ಬಸ್ಸು ಹತ್ತಿ, ಬೈರಿದೇವರಕೊಪ್ಪದ ಏರಿನಲ್ಲಿ ಇಳಿದು ಎಲ್ಲರ ಜೊತೆ ಅದನ್ನು ನೂಕಿ, ಹೊಗೆ ಕುಡಿದು ಅವನ ಬಾಗಿಲಿಗೆ ಹೋದೆ.

"ಚೈನಾ ಗ್ರಾಸ?" ಎಂದು ಅವನು ನಕ್ಕ. "ಲೇ ದೋಸ್ತ, ಇಲ್ಲೆ ಸಕ್ಕರಿ ಸಿಗವಲ್ದು, ನೀ ಚೀನಾ ದೇಶಾನ ಕೇಳಾಕ ಬಂದೀ. ನಮ್ಮ ಮನ್ಯಾಗ ಒಂದು ಎಳಿ ಇಲ್ಲ, ಖುದಾನ ಆಣಿ."

ಆಣೆ ಹಾಕಿದ ಮಾತನ್ನು ಪೇಟೆಯಲ್ಲಿ ನಾನು ಎಂದೂ ನಂಬಿದವನಲ್ಲ. ಆದರೂ ಅವತ್ತು ಬರಿಗೈಯಲ್ಲೇ ಮರಳಿದೆ.

ಇಲ್ಲದ್ದನ್ನು ಕೊಳ್ಳಲಾಗದಿದ್ದರೆ ಇದ್ದದ್ದನ್ನು ತಿರುಗಿ ಬಳಸಬೇಕು. ಇದನ್ನು ನನಗೆ ಯಾವ ಪುಸ್ತಕವೂ ಕಲಿಸಲಿಲ್ಲ. ಬಳಸಿದ ತಟ್ಟೆಗಳ ಅಗರನ್ನು ಮೊದಲೆಲ್ಲ ಹೂಳಿಬಿಡುತ್ತಿದ್ದೆವು. ನಾನು ಅದನ್ನು ಬಕೀಟಿನಲ್ಲಿ ಕೂಡಿಹಾಕಿದೆ. ಒತ್ತಡದ ಉಗಿಪಾತ್ರೆಯಲ್ಲಿಟ್ಟು ಕ್ರಿಮಿಗಳನ್ನೆಲ್ಲ ಕೊಂದು, ಬಿಸಿ ಇರುವಾಗಲೇ ದಪ್ಪ ಬಟ್ಟೆಯಲ್ಲಿ ಸೋಸಿ, ಅಗಲವಾದ ತಟ್ಟೆ, ಪರಾತದಲ್ಲಿ ಹೆಪ್ಪುಗಟ್ಟಿಸಿ, ಶಾವಿಗೆಯ ಹಾಗೆ ಎಳೆ ಎಳೆಯಾಗಿ ಹೆಚ್ಚಿದೆ. ಇನ್ನು ಹಳೆಯ ರಸ, ಉಪ್ಪು, ಬಣ್ಣ ಹೋಗಬೇಕಾದರೆ ಎಳೆಗಳನ್ನು ಮಲಮಲ್ ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಹೊಸ ನೀರಿನಲ್ಲಿ ತೊಳೆಯಬೇಕು, ಆಮೇಲೆ ಸಂಡಿಗೆಯಂತೆ ಬಿಸಿಲಿಗೆ ಒಣಗಿಸಬೇಕು. ಕಾಲೇಜಿನ ಬಾವಿಕಟ್ಟೆಯ ಮೇಲೆ ಗಂಟು ಇಟ್ಟಿದ್ದೆನಷ್ಟೆ, ಮುಖ್ಯಸ್ಥರು ಮೆಟ್ಟಿಲ ಮೇಲಿನಿಂದಲೇ ಕೂಗಿದರು:

"ಏ ದಲಾಲ! ಮಾಂಸದ ರಸ ಕೂಡಿಸಿದ್ದನ್ನ ನಾವು ಕುಡಿಯೋ ಬಾವಿ ಮ್ಯಾಲೆ ತೊಳೀಲಿಕ್ಕೆ ಹತ್ತೀಯೇನು? ಬುದ್ಧಿ ಎಲ್ಲಿಟ್ಟೀಯಿ?"

"ಉಗಿಯೊಳಗ ಎಲ್ಲಾ ಸತ್ತಾವ್ರಿ, ಸರ್."

"ಕ್ರಿಮಿ ಸತ್ತಾವು. ಮಾಂಸ ಸತ್ತದೇನು?"

ನಾನು ಗಂಟು ಎತ್ತಿಕೊಂಡೆ. ಅವರು ವಿಜ್ಞಾನವನ್ನು ಕೋಟಿನ ಜೊತೆ ತೊಟ್ಟು, ಕೋಟಿನ ಜೊತೆಗೇ ಗೂಟಕ್ಕೆ ಹಾಕುತ್ತಿದ್ದರು. ಊರಿನ ಬೇರೆ ಬಾವಿಗಳವರೂ 'ರೋಗದ ಕೋಣಿದು' ಎಂದು ಕೇಳಿದೊಡನೆ ಹಗ್ಗ ಸೇದಿಕೊಂಡರು.

ಹತ್ತಿರದ ಮುಗದ ಎಂಬ ಹಳ್ಳಿಯಿಂದ ಒಬ್ಬ ವಯಸ್ಸಾದ ಮಡಿವಾಳ ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಧಾರವಾಡದ ಕೆಲವು ಮನೆಗಳ ಬಟ್ಟೆ ಒಯ್ಯುತ್ತಿದ್ದ. ಅಲ್ಲಿ ಕೆರೆಯ ತೂಬಿನ ಕೆಳಗೆ ಸದಾ ಹರಿಯುವ ನೀರು. ನನಗೆ ಬೇಕಾದದ್ದು ಅದೇ. ಅವನಿಗೆ ಬೇಕಾದದ್ದು ಕಾಲೇಜು ಹಾಸ್ಟೆಲಿನ ಬಟ್ಟೆ. ಹಾಸ್ಟೆಲಿನ ಮೇಲ್ವಿಚಾರಕರಿಗೆ ನಾನು ಒಂದು ಮಾತು ಹೇಳುವುದು, ಅವನು ನನ್ನ ಗಂಟು ತೊಳೆದುಕೊಡುವುದು. ಚಹಾ ತಣ್ಣಗಾಗುವುದರೊಳಗೆ ವ್ಯವಹಾರ ಮುಗಿಯಿತು.

ಮೊದಲ ಗಂಟು ತಿರುಗಿ ಬಂದಾಗ ಎಳೆಗಳು ಕಂದು ಬಣ್ಣದವಾಗಿದ್ದವು. ಆದರೆ ಕೆಲಸ ಮಾಡಿದವು. ಕ್ರಿಮಿಗಳ ಕೋಣೆಯನ್ನು ನೋಡಿಕೊಳ್ಳುತ್ತಿದ್ದವರು ಒಬ್ಬ ಹೆಣ್ಣುಮಗಳು, ಡೆಮಾನ್‌ಸ್ಟ್ರೇಟರ್. ಎಲ್ಲರೂ ಅವರನ್ನು ಮರಾಠಿ ರೀತಿಯಲ್ಲಿ, ಗೌರವಕ್ಕೆ, ಬಾಯಿಯವರು ಎನ್ನುತ್ತಿದ್ದರು. ನನ್ನ ಬಾಯಿ ಅವರಿಗೆ ಸೇರುತ್ತಿರಲಿಲ್ಲ. ಅವರು ಹೊಸ ಅಗರಿನ ಮೇಲೆ, ಬೆಳೆದೇ ಬೆಳೆಯುತ್ತದೆಂದು ಗೊತ್ತಿದ್ದ ಕ್ರಿಮಿಯನ್ನು ತಂತಿಯಿಂದ ಗೀರಿ, ಸೀಮೆಎಣ್ಣೆ ದೀಪದಿಂದ ಕಾಯುವ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಮರುದಿನ ಗೀರಿನ ಉದ್ದಕ್ಕೂ ಬೆಳೆ ಎದ್ದಿತ್ತು. "ಛಲೋ ಆತು" ಎಂದರು. ಅವರಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ.

ಮುಖ್ಯಸ್ಥರು ಆ ಕಂದು ಎಳೆಗಳನ್ನು ಚಿಮಟದಿಂದ ಎತ್ತಿ ಬೆಳಕಿಗೆ ಹಿಡಿದರು.

"ಇದು ಅಗರ್ ಅಲ್ಲೋ, ಜೋನಿಬೆಲ್ಲ. ಇನ್ನ ಎರಡು ತಿಂಗಳಿಗೆ ಮುಂಬಯಿಂದ ತಪಾಸಣೆ ಮಂಡಳಿ ಬರ್ತದ. ಇಂಥಾದ್ದನ್ನ ಅವರ ಮುಂದ ಇಟ್ಟರ ನಗ್ತಾರ. ಜಪಾನಿ ಮಾಲಿನಂಗ ಬಿಳೀದು ಮಾಡಿ ತಾ. ನಾ ಇದರ ಮ್ಯಾಲೆ ಲೇಖನ ಬರೀಲಿಕ್ಕೆ ಹತ್ತೇನಿ, ಕೊನೀಗೆ ನಿನ್ನ ಹೆಸರೂ ಹಾಕೋಣಂತ. ಕಾಯಂ ಪಟ್ಟೀಗೂ ಬರಕೊಡ್ತೇನಿ."

ಬೆಳೆ ಬರುವ ಅಗರ್ ಕೈಯಲ್ಲಿರುವಾಗ ಬಣ್ಣ ಯಾಕೆ ಎಂದು ನಾನು ಕೇಳಬೇಕಿತ್ತು. ಕೇಳಲಿಲ್ಲ. ಕಾಯಂ ಎಂಬ ಶಬ್ದ ಕಿವಿಯಲ್ಲಿ ಹೊಕ್ಕ ಮೇಲೆ ಉಳಿದದ್ದು ಕೇಳಿಸಲಿಲ್ಲ. ಅರಳೆ ಪೇಟೆಯಲ್ಲಿ ಮಾಲಿನ ಮೇಲಿನ ಪದರ ನೋಡಿ ದರ ಕಟ್ಟುವ ಹೊಸಬರನ್ನು ಕಂಡು ನಕ್ಕವನು ನಾನು. ಅದೇ ನಾನು ಮರುವಾರ ಮಡಿವಾಳನಿಗೆ ಹೇಳಿದೆ:

"ಕಾಕಾ, ಹಾಲಿನಂಗ ಬೆಳ್ಳಗ ಆಗಬೇಕು ನೋಡು. ಆಗಲಿಲ್ಲಂದ್ರ ಹಾಸ್ಟೆಲಿನ ಅರಿವಿ ಬ್ಯಾರೇದವರಿಗೆ ಹೋಗತಾವ."

ಅವನಿಗೆ ಸಿಟ್ಟು ಬಂತು. "ಬೆಳ್ಳಗ ಮಾಡೂದು ನಮ್ಮ ಅಪ್ಪ-ಅಜ್ಜನ ಕೆಲಸ್ರಿ ಧಣ್ಯಾರ. ನೀವೇನು ಕಲಿಸ್ತೀರಿ? ಕಾಗಿ ಕೊಡ್ರಿ, ಕೊಕ್ಕರ ಮಾಡಿ ಕೊಡ್ತೇನಿ."

ಕೊಟ್ಟ. ಎರಡನೆಯ ಗಂಟು ಬಿಚ್ಚಿದಾಗ ನನಗೇ ನಂಬಿಕೆಯಾಗಲಿಲ್ಲ. ಮಲ್ಲಿಗೆ ಮೊಗ್ಗಿನ ಬಿಳುಪು. ಮುಖ್ಯಸ್ಥರು ಬಂದು ನೋಡಿದರು, ನನ್ನ ಹೆಗಲ ಮೇಲೆ ಕೈ ಇಟ್ಟರು. ಅದಕ್ಕೂ ಮೊದಲು ಇಟ್ಟಿರಲಿಲ್ಲ, ಆಮೇಲೂ ಇಡಲಿಲ್ಲ.

ಬಾಯಿಯವರು ಮಾತ್ರ ಅದರ ಮೇಲೂ ಗೊತ್ತಿದ್ದ ಕ್ರಿಮಿ ಗೀರಿ ನೋಡಬೇಕೆಂದರು.

"ಒಮ್ಮೆ ನೋಡೀರಲ್ರಿ ಬಾಯಾರ," ಎಂದೆ. "ಹ್ವಾದ ವರ್ಷ ಜ್ವಾಳ ಬಂದ ಹೊಲದಾಗ ಈ ವರ್ಷ ಮತ್ತ ಯಾರರ ಮಣ್ಣು ನೆಕ್ಕಿ ನೋಡ್ತಾರೇನ್ರಿ? ಇದ್ದದ್ದ ಎರಡು ಹಿಡಿ ಮಾಲು."

"ಇದು ಅದೇ ಹೊಲ ಹೌದೋ ಅಲ್ಲೋ ನಿಮಗ ಹ್ಯಾಂಗ ಗೊತ್ತು?"

"ತೊಳೆದಾಂವ ಅದೇ ಮನಷ್ಯಾ, ನೀರು ಅದೇ ಕೆರೀದು."

"ನಿಮ್ಮ ಜೋಡಿ ವಾದಾ ಮಾಡಿ ಗೆದ್ದವರು ಯಾರದಾರ?" ಎಂದು ಅವರು ಕೈಚೆಲ್ಲಿದರು. ವಾದದಲ್ಲಿ ಗೆಲ್ಲುವ ಚಾಳಿ ಇದ್ದವರಿಗೆ ನನ್ನ ಸಲಹೆ ಇಷ್ಟೇ: ಕೆಲಸ ಬಲ್ಲವರು ಸುಮ್ಮನಾದ ಕೂಡಲೇ ಹಿಗ್ಗಬೇಡಿ. ಅವರು ಒಪ್ಪಿರುವುದಿಲ್ಲ, ದಣಿದಿರುತ್ತಾರೆ.

ಅದೇ ಹೊತ್ತಿಗೆ ಹುಬ್ಬಳ್ಳಿಯಲ್ಲಿ ನನ್ನ ದೋಸ್ತನ ಓಣಿಯೊಳಗೆ ಮುದ್ದತ್ತಿನ ಜ್ವರ ಎದ್ದಿತು. ಮೂರು ವಾರ ಬಿಡದೆ ಸುಡುವ ಜ್ವರ, ಡಾಕ್ಟರರು ಟೈಫಾಯ್ಡ್ ಎನ್ನುವುದು. ಜ್ವರ ಬಂದ ಮನೆಗಳಲ್ಲಿ ಹೆಚ್ಚಿನವು ಅವನ ಸೋಡಾ ಕುಡಿದ ಮನೆಗಳು. ಪುರಸಭೆಯ ಆರೋಗ್ಯ ಅಧಿಕಾರಿ ಬಂದು ಕಾರ್ಖಾನೆಗೆ ಬೀಗ ಜಡಿದ. ಬಾವಿಯ ನೀರು ಶುದ್ಧವೆಂದು ನಮ್ಮ ವಿಭಾಗ ಬರೆದುಕೊಟ್ಟರೆ ಮಾತ್ರ ಬೀಗ ತೆಗೆಯುವುದು ಎಂದ. ಅವನ ಮನೆಗೂ ಅದೇ ಬಾವಿಯ ನೀರು. ಬೀಗ ಬಿದ್ದ ದಿನದಿಂದ ಅವನ ಹೆಂಡತಿ ಮೂರು ಮಕ್ಕಳಿಗೂ ಅತ್ತೆಗೂ ನೀರು ಕುದಿಸಿಯೇ ಕೊಡುತ್ತಿದ್ದಳು.

ನೀರಿನ ಮಾದರಿ ಬಂತು. ಬಾಯಿಯವರು ಬಿಳಿ ಅಗರನ್ನು ಕುದಿಸಿ, ಅದಕ್ಕೆ ಪಿತ್ತದ ಉಪ್ಪು, ಹಾಲಿನ ಸಕ್ಕರೆ, ಬಣ್ಣ ತೋರಿಸುವ ಔಷಧಿ ಬೆರೆಸಿ ತಟ್ಟೆಗಳಿಗೆ ಹೊಯ್ದರು. ಈ ಹೊಲದಲ್ಲಿ ಒಂದು ಗುಣವಿದೆ. ನೀರಿಗೆ ಪಾಯಖಾನೆಯ ಹೊಲಸು ಸೇರಿದ್ದರೆ ಕರುಳಿನ ಕ್ರಿಮಿಗಳು ಕೆಂಪು ಚುಕ್ಕೆಗಳಾಗಿ ಏಳುತ್ತವೆ. ಎರಡು ದಿನ ಕಳೆದರೂ ತಟ್ಟೆಗಳ ಮೇಲೆ ಒಂದು ಚುಕ್ಕೆಯೂ ಇಲ್ಲ. ಮುಖ್ಯಸ್ಥರು ವರದಿಗೆ ಸಹಿ ಹಾಕಿದರು: ನೀರು ಶುದ್ಧ. ಬೀಗ ತೆಗೆದರು. ದೋಸ್ತ ಧಾರವಾಡದ ತನಕ ಬಂದು ನನ್ನನ್ನು ಅಪ್ಪಿಕೊಂಡ.

"ಮಂದಿ ನನಗ ಇಸ ಹಾಕಾಂವ ಅಂದ್ರಲ್ಲೋ! ನಿನ್ನ ಕಾಲೇಜು ನನ್ನ ಮಾನಾ ಉಳಿಸ್ತು. ನಮ್ಮ ಮನ್ಯಾಕಿಗಿ ಹೇಳೇನಿ, ಇನ್ನ ಒಲಿ ಮ್ಯಾಲಿನ ಹಂಡೆ ಇಳಸು, ಕಟಗೀರ ಉಳೀಲಿ ಅಂತ."

ನಾನೂ ನಕ್ಕೆ.

ನಾಲ್ಕು ದಿನ ಕಳೆದಿರಬೇಕು. ಬೆಳಿಗ್ಗೆ ಬೆಚ್ಚನೆಯ ಪೆಟ್ಟಿಗೆಯ ದೀಪಕ್ಕೆ ಎಣ್ಣೆ ಹಾಕಲು ಹೋದೆ. ಒಳಗೆ ಬಾಯಿಯವರ ನಳಿಕೆಗಳ ಸಾಲು. ಸಂಗ್ರಹದ ಕ್ರಿಮಿಗಳು ಸಾಯಬಾರದೆಂದು ಅವರು ತಿಂಗಳಿಗೊಮ್ಮೆ ಅವುಗಳನ್ನು ಹೊಸ ಅಗರಿಗೆ ದಾಟಿಸುತ್ತಿದ್ದರು. ಈ ಸಲ ದಾಟಿಸಿದ್ದು ಬಿಳಿ ಅಗರಿಗೆ. ನಳಿಕೆಗಳು ಬರಿದಾಗಿದ್ದವು. ದೀಪ ಆರಿತ್ತೋ ಎಂದು ಉಷ್ಣಮಾಪಕ ನೋಡಿದೆ, ಸರಿಯಾಗಿಯೇ ಇತ್ತು. ಬಾಯಿಯವರನ್ನು ಕರೆದೆ. ಅವರು ಒಂದೊಂದೇ ನಳಿಕೆಯನ್ನು ಕಿಟಕಿಗೆ ಹಿಡಿದು ನೋಡಿದರು.

"ಗೊತ್ತಿದ್ದ ಕ್ರಿಮೀನ ಬೆಳೀಲಿಲ್ಲಂದ್ರ," ಎಂದರು, "ಆ ಬಾವಿ ನೀರಿನ್ಯಾವು ಹ್ಯಾಂಗ ಬೆಳೀತಿದ್ದುವು?"

ಉಗ್ರಾಣಕ್ಕೆ ಓಡಿ ಬಿಳಿ ಎಳೆಗಳ ಡಬ್ಬಿಯ ಮುಚ್ಚಳ ತೆಗೆದು ಮೂಗು ಇಟ್ಟೆ. ದಿನಾ ತೆಗೆದು ಮುಚ್ಚುವಾಗ ಗೊತ್ತಾಗದ್ದು ಈಗ ತಿಳಿಯಿತು. ಬಲು ಮಂದ, ಆದರೆ ಗುರುತಿನ ವಾಸನೆ. ಕಾಲರಾ ಬಂದಾಗ ಬಾವಿಗೆ ಸುರಿಯುವ ಪುಡಿಯ ವಾಸನೆ. ಬಾಯಿಯವರು ರಸಾಯನ ವಿಭಾಗದಿಂದ ಅಯೊಡೈಡಿನ ದ್ರವ ತರಿಸಿದರು. ನಾನು ಡಬ್ಬಿಯಲ್ಲಿ ತಂದಿದ್ದ ಊಟದಿಂದ ಅನ್ನದ ಗಂಜಿ ಕೊಟ್ಟೆ. ಎರಡನ್ನೂ ಬೆರೆಸಿ, ಎಳೆ ನೆನೆಸಿದ ನೀರನ್ನು ಒಂದು ತೊಟ್ಟು ಬಿಟ್ಟರು. ಗಂಜಿ ನೀಲಿಯಾಯಿತು. ಬಟ್ಟೆ ಬಿಳುಪಿಸುವ ಪುಡಿ ಇದ್ದರೆ ಮಾತ್ರ ಹಾಗೆ ನೀಲಿಯಾಗುತ್ತದೆ. ಕ್ರಿಮಿ ಕೊಲ್ಲುವುದೂ ಅದೇ ಪುಡಿ.

ಮೊದಲ ರೈಲು ಹಿಡಿದು ಮುಗದಕ್ಕೆ ಹೋದೆ. ಮಡಿವಾಳ ತೂಬಿನ ಕೆಳಗೆ ಕಲ್ಲಿಗೆ ಬಟ್ಟೆ ಬಡಿಯುತ್ತಿದ್ದ.

"ಕಾಕಾ, ಆ ಗಂಟಿಗೆ ಏನು ಹಾಕಿದಿ?"

"ಬೆಳ್ಳಗಾಗಿಲ್ಲೇನ್ರಿ?"

"ಆಗೇತಿ. ಏನು ಹಾಕಿದಿ ಹೇಳು."

ಅವನು ಹೆಮ್ಮೆಯಿಂದ ಕೈ ಒರೆಸಿಕೊಂಡ. "ಹುಬ್ಬಳ್ಳಿ ಗಿರಣ್ಯಾಗ ನನ್ನ ಅಳಿಯಾ ಅದಾನ್ರಿ. ನೂಲು ಬಿಳೀ ಮಾಡೂ ಪುಡಿ ಅಲ್ಲಿಂದ ತಂದು ಇಟ್ಟಿದ್ದೆ, ಮದಲಗಿತ್ತಿ ಸೀರಿಗೆ ಅಂತ. ಯಾರಿಗೂ ಹಾಕಂಗಿಲ್ಲ. ನಿಮಗ ಹಾಕಿ ಒಂದು ರಾತ್ರಿ ನೆನಸಿಟ್ಟೆ. ಮ್ಯಾಲೆ ಒಮ್ಮಿ ಜಾಲಿಸಿದೆ. ಹೆಚ್ಚು ಜಾಲಿಸಿದ್ರ ಬಿಳುಪು ಹೋದೀತು ಅಂತ ಬಿಟ್ಟೆ."

ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅವನು ಕೇಳುವಷ್ಟು ಕೇಳಿ, ಬಟ್ಟೆಯನ್ನು ಕಲ್ಲಿನ ಮೇಲೆ ಇಟ್ಟು ನೆಟ್ಟಗೆ ನಿಂತ.

"ಧಣ್ಯಾರ, ಮದಲನೇ ಗಂಟು ನೀರಾಗ ತೊಳೆದೆ. ಬ್ಯಾಡಂದ್ರಿ. ಹಾಲಿನಂಗ ಮಾಡಂದ್ರಿ, ಇಲ್ಲಂದ್ರ ಅರಿವಿ ಕಸಗೋತೇನಿ ಅಂದ್ರಿ. ಇದು ತಿನ್ನೂದೋ, ಉಡೂದೋ, ಹುಳಾ ಸಾಕೂದೋ, ಒಂದು ದಿನಾ ಹೇಳೀರೇನು? ನೀವು ಬಿಳುಪು ಬೇಡಿದ್ರಿ, ನಾ ಬಿಳುಪು ಕೊಟ್ಟೆ. ಈಗ ನನ್ನ ಮ್ಯಾಲೆ ಯಾಕ ಬೊಗಳತೀರಿ?"

ರೈಲಿಗಾಗಿ ಕಾಯುತ್ತ ಕೂತಾಗ ಅವನ ಮಾತಿನಲ್ಲಿ ತಪ್ಪು ಹುಡುಕಿದೆ. ಸಿಗಲಿಲ್ಲ. ಯಾರಿಂದಾದರೂ ಕೆಲಸ ಮಾಡಿಸುವವರು ಮಾಲು ಹೇಗೆ ಕಾಣಬೇಕೆಂದು ಹೇಳುವ ಮೊದಲು ಅದು ಏತಕ್ಕೆ ಬೇಕೆಂದು ಹೇಳಬೇಕು. ನಾನು ಇಷ್ಟು ವರ್ಷ ಚೌಕಾಶಿ ಮಾಡಿ ಕಲಿಯದ ಪಾಠವನ್ನು ಅವನು ಒದ್ದೆ ಕಾಲಲ್ಲಿ ನಿಂತು ಹೇಳಿದ್ದ.

ಮುಖ್ಯಸ್ಥರ ಕೋಣೆಗೆ ಹೋದಾಗ ಬಾಯಿಯವರು ಆಗಲೇ ಅಲ್ಲಿದ್ದರು. ನೀಲಿ ಗಂಜಿಯ ಬಟ್ಟಲು ಮೇಜಿನ ಮೇಲಿತ್ತು. ಮುಖ್ಯಸ್ಥರು ಅದರ ಕಡೆ ನೋಡುತ್ತಿರಲಿಲ್ಲ.

"ಉಗ್ರಾಣದ ದಲಾಲಗ ಪರೀಕ್ಷಾ ಮಾಡ್ಲಿಕ್ಕೆ ಯಾರು ಹೇಳಿದರು?" ಎಂದರು. "ಲೇಖನ ಟಪಾಲಿಗೆ ಹಾಕಿ ಆಗ್ಯದ. ಮಂಡಳಿ ಬರೋ ತಿಂಗಳದಾಗ ವರದಿ ವಾಪಸ್ ತಗೊಂಡರ ವಿಭಾಗದ ಮಾನ ಏನಾತು? ಮುಂದಿನ ಮಾದರಿ ಬಂದಾಗ ನೋಡೋಣಂತ."

"ಅಲ್ಲಿ ಮಂದಿ ಆ ನೀರು ಕುಡ್ಯಾಕತ್ತಾರ್ರಿ, ಸರ್. ಕೂಸುಗಳು ಕುಡ್ಯಾಕತ್ತಾವು."

"ನೀರು ಕೆಟ್ಟದ್ದು ಅಂತ ಎಲ್ಲಿ ಸಿದ್ಧ ಆಗ್ಯದ?"

"ಛಲೋ ಅಂತನೂ ಸಿದ್ಧ ಆಗಿಲ್ರಿ. ನಾವು ಬರಕೊಟ್ಟೇವಿ."

ಅವರು ಪೆನ್ನಿನ ಮುಚ್ಚಳ ಹಾಕಿದರು. ಮಾತು ಮುಗಿಯಿತು ಎಂಬ ಗುರುತು ಅದು. ಪೇಟೆಯಲ್ಲಿ ಎದುರಿನವನು ಹೀಗೆ ಏಳುವ ಹೊತ್ತಿಗೆ ದಲಾಲನಾದವನು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇವನಿಗೆ ನಿಜವಾಗಿ ಬೇಕಾದದ್ದು ಏನು? ಅವರಿಗೆ ಬೇಕಾದದ್ದು ವಿಭಾಗದ ಮಾನ, ಎಂದರೆ ತಮ್ಮದು. ಅದಕ್ಕೆ ಬದಲಾಗಿ ಕೊಡಲು ನನ್ನಲ್ಲಿ ಒಂದೇ ಮಾಲಿತ್ತು.

"ವಿಭಾಗದ ಮಾನಾ ಹೋಗೂದು ಬ್ಯಾಡ್ರಿ," ಎಂದೆ. "ನನ್ನದು ತಗೋರಿ. ತಪ್ಪು ಉಗ್ರಾಣದ್ದು, ನಾ ಪರೀಕ್ಷಾ ಮಾಡಿಸಲಾರದ ಮಾಲು ಕೊಟ್ಟೆ ಅಂತ ಬರದು ಸಹಿ ಮಾಡ್ತೇನಿ. ಅದಕ್ಕ ಎರಡು ಮಾತು ನಡಸಿಕೊಡ್ರಿ. ವರದಿ ಇವತ್ತ ವಾಪಸ್ ಆಗಬೇಕು. ಬಾಯಾರು ಹೊಸಾ ಅಗರಿನ ಮ್ಯಾಲೆ ತಿರಗಿ ಪರೀಕ್ಷಾ ಮಾಡಬೇಕು."

ಅವರು ನನ್ನನ್ನು ಮೊದಲ ಸಲ ನೋಡುವವರಂತೆ ನೋಡಿದರು. ಆಮೇಲೆ ಕಾಗದ ನೂಕಿ ಹೇಳಿ ಬರೆಸತೊಡಗಿದರು. 'ನನ್ನ ಅಲಕ್ಷ್ಯದಿಂದ' ಎಂಬುದನ್ನು ಬರೆದೆ. 'ಮತ್ತು ಅಪ್ರಾಮಾಣಿಕತೆಯಿಂದ' ಎಂದಾಗ ಲೇಖನಿ ನಿಲ್ಲಿಸಿದೆ.

"ಅದು ಈ ವ್ಯವಹಾರದಾಗ ಬರಂಗಿಲ್ರಿ."

"ಬರದರ ನಿನಗೇನು ಹೋಗ್ತದ? ಕಾಯಂ ಅಂತೂ ಆಗಂಗಿಲ್ಲ ಇನ್ನ."

"ಕಾಯಂ ಕೊಟ್ಟೇನ್ರಿ. ಲೇಖನದಾಗಿನ ಹೆಸರೂ ಕೊಟ್ಟೆ. ಇದು ಮಾರಾಕ ಇಟ್ಟಿಲ್ಲ."

ಬಾಯಿಯವರು ಕಾಗದವನ್ನು ತಮ್ಮ ಕಡೆ ಎಳೆದುಕೊಂಡು ನನ್ನ ಸಹಿಯ ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

"ನಿಮಗೇನು ಸಂಬಂಧ?" ಎಂದು ಮುಖ್ಯಸ್ಥರು ಗದರಿದರು.

"ತಟ್ಟಿ ಹೊಯ್ದಾಕಿ ನಾನು. ಕ್ರಿಮಿ ಗೀರಿ ನೋಡಲಾರದ ಹೊಯ್ದೆ." ಹೊರಗೆ ಬಂದ ಮೇಲೆ ನನಗೆ ಹೇಳಿದರು, "ನಿಮ್ಮ ಸಲುವಾಗಿ ಮಾಡಿಲ್ಲ, ತಿಳೀತಿಲ್ಲೊ? ಅವತ್ತ ನಿಮ್ಮ ಮಾತು ಕೇಳಿದೆನಲ್ಲ, ಅದಕ್ಕ ಮಾಡಿದೆ."

ವರದಿ ವಾಪಸಾದ ಕಾಗದವನ್ನು ಹಿಡಿದು ಹುಬ್ಬಳ್ಳಿಗೆ ನಾನೇ ಹೋದೆ. ಆರೋಗ್ಯ ಅಧಿಕಾರಿಯ ಕಚೇರಿಯಲ್ಲಿ ಅದನ್ನು ಕೊಟ್ಟು ದೋಸ್ತನ ಮನೆಗೆ ನಡೆದೆ. ಯಂತ್ರದ ಚಕ್ರ ತಿರುಗುತ್ತಿತ್ತು. ಮೊದಲು ಒಳಗೆ ಮುಖ ಮಾಡಿ "ವೈನೀ, ಹಂಡೆ ಒಲಿ ಮ್ಯಾಲೆ ಇಡ್ರಿ" ಎಂದು ಕೂಗಿದೆ. ಆಮೇಲೆ ಅವನಿಗೆ ಎಲ್ಲ ಹೇಳಿದೆ, ಬಿಳುಪಿನ ಕತೆಯನ್ನೂ ಬಿಡದೆ.

ಚಕ್ರ ನಿಂತಿತು.

"ಅಂದ್ರ ಮತ್ತ ಬೀಗ?"

"ಮತ್ತ ಬೀಗ."

"ಶುದ್ಧ ಅಂತ ಬರಕೊಟ್ಟಾವ್ರು ನೀವು. ಓಣಿ ತುಂಬ ಆ ಕಾಗದಾ ತೋರಿಸಿ ಬಂದೇನಿ ನಾ. ನನ್ನ ಮಕ್ಕಳಿಗೆ ಹಸೀ ನೀರು ಕುಡಿಸಿದೆ ನಿನ್ನ ಮಾತಿಗೆ. ನೀ ದೋಸ್ತ ಏನು? ದುಶ್ಮನ್ ಆದ್ರ ಮುಂದ ಬಂದು ಹೊಡೀತಿದ್ದಾ."

ಎಲ್ಲ ಕೇಳಿಸಿಕೊಂಡೆ. ಕೊನೆಗೆ ನಾಚಿಕೆ ಬಿಟ್ಟು ಕೇಳಿದೆ: "ಹೊಸಾ ಅಗರ್ ಇಲ್ಲ. ಕಂದು ಎಳಿ ತೀರಿದಾವ. ನಿನ್ನ ಹತ್ರ ಏನರ..."

ಅವನು ನನ್ನನ್ನು ದಿಟ್ಟಿಸಿದ. ಒಳಗೆ ಹೋಗಿ ಒಂದು ಹಿತ್ತಾಳೆಯ ಡಬ್ಬಿ ತಂದು ನನ್ನ ಮುಂದೆ ನೆಲಕ್ಕೆ ಕುಕ್ಕಿದ. ತಳದಲ್ಲಿ ಹೊಂಬಣ್ಣದ ಒಣ ಎಳೆಗಳ ಒಂದು ಕಟ್ಟು.

"ಖುದಾನ ಆಣಿ ಹಾಕಿ ಸುಳ್ಳ ಹೇಳಿದ್ದೆ. ಅವ್ವನ ಸಲುವಾಗಿ ರಂಜಾನಕ್ಕ ಇಟ್ಟಿದ್ದು. ಒಯ್ಯಿ. ನನ್ನ ಬಾವಿ ಹೊಲಸು ಐತೋ ಇಲ್ಲೋ ನನಗೂ ತಿಳೀಬೇಕು. ಆದ್ರ ಒಂದು ಕರಾರು. ತಟ್ಟಿ ನಾ ನನ್ನ ಕಣ್ಣಿಲೆ ನೋಡಾಂವ. ನಿಮ್ಮ ಕಾಗದಾ ನಂಬಂಗಿಲ್ಲ."

ಈ ಸಲ ಬಾಯಿಯವರು ನನ್ನ ಯಾವ ಮಾತಿಗೂ ಎಡೆ ಕೊಡಲಿಲ್ಲ. ಮೂರು ತಟ್ಟೆ ಹೊಯ್ದರು. ಒಂದರ ಮೇಲೆ ಹಳೆಯ ನಳಿಕೆಯಲ್ಲಿ ಉಳಿದಿದ್ದ, ಗೊತ್ತಿದ್ದ ಕರುಳಿನ ಕ್ರಿಮಿ ಗೀರಿದರು. ಇನ್ನೊಂದಕ್ಕೆ ಉಗಿಯಲ್ಲಿ ಶುದ್ಧ ಮಾಡಿದ ನೀರು. ಮೂರನೆಯದಕ್ಕೆ ದೋಸ್ತನ ಬಾವಿಯ ನೀರು. ಮೊದಲನೆಯದು ಬೆಳೆಯಬೇಕು, ಎರಡನೆಯದು ಬರಿದಾಗಿಯೇ ಇರಬೇಕು. ಆಗ ಮಾತ್ರ ಮೂರನೆಯದರ ಮಾತನ್ನು ನಂಬುವುದು. ಎರಡು ದಿನ ನಾನು ದೀಪದ ಬತ್ತಿಯನ್ನು ಮಗುವಿನಂತೆ ಕಾದೆ.

ಹೇಳಿದ ದಿನ ದೋಸ್ತ ಬಂದ. ಬಾಯಿಯವರು ತಟ್ಟೆಗಳನ್ನು ಕಿಟಕಿಯ ಬಳಿ ಸಾಲಾಗಿ ಇಟ್ಟರು. ಮೊದಲನೆಯದರಲ್ಲಿ ಗೀರಿನುದ್ದಕ್ಕೂ ಕೆಂಪು. ಎರಡನೆಯದು ಬರಿದು. ಮೂರನೆಯದರ ಮೈತುಂಬ ಕೆಂಪು ಚುಕ್ಕೆಗಳು, ಮಗುವಿಗೆ ದಡಾರ ಎದ್ದಂತೆ.

"ಇದು ನನ್ನದು?" ಎಂದ.

"ಹೌದ್ರಿ," ಎಂದರು ಬಾಯಿಯವರು. "ಜ್ವರದ ಕ್ರಿಮಿ ಇದರಾಗ ಅದಾವೋ ಇಲ್ಲೋ ಬ್ಯಾರೆ ಪರೀಕ್ಷಾ ಮಾಡಿ ನೋಡಬೇಕು. ಆದ್ರ ಪಾಯಖಾನಿ ನೀರು ನಿಮ್ಮ ಬಾವಿಗೆ ಇಳ್ಯಾಕತ್ತದ, ಅದು ಖರೇ."

ಅವನು ಬಗ್ಗಿ ತಟ್ಟೆಯನ್ನು ಬಹಳ ಹೊತ್ತು ನೋಡಿದ. "ನಮ್ಮವ್ವನ ರಂಜಾನದ ಸಿಹಿ ತಿಂದು ಹೆಂಗ ಕೊಬ್ಬ್ಯಾವ ನೋಡು ಸೂಳೆಮಕ್ಕಳು," ಎಂದ. ಬಾಯಿಯವರು ಇದ್ದಾರೆಂದು ನೆನಪಾಗಿ ನಾಲಗೆ ಕಚ್ಚಿಕೊಂಡ. ಬಾಯಿಯವರು ನಕ್ಕರು. ನಾನು ನಗಲಿಲ್ಲ. ನಕ್ಕರೆ ಅವನು ಹೊಡೆಯುವ ಹಾಗಿದ್ದ.

ಬೀಗವನ್ನು ಅಧಿಕಾರಿ ಬರುವ ಮೊದಲೇ ಅವನೇ ಹಾಕಿದ. ಹಳೆಯ ಬಾವಿಯನ್ನು ಮುಚ್ಚಿಸಿ, ಪಾಯಖಾನೆಯಿಂದ ದೂರ, ಹಿತ್ತಲಿನ ಮೇಲಿನ ತುದಿಯಲ್ಲಿ ಬೇರೆ ಬಾವಿ ತೋಡಿಸಿದ. ಆ ತಿಂಗಳುಗಳಲ್ಲಿ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವನ ನಡುವಿನ ಮಗಳಿಗೆ ಜ್ವರ ಬಂದಿತ್ತೆಂದೂ, ಮೂರು ವಾರ ಸುಟ್ಟು ಇಳಿಯಿತೆಂದೂ ಬೇರೆಯವರಿಂದ ತಿಳಿಯಿತು. ನೋಡಲು ಹೋದರೆ ಬಾಗಿಲಲ್ಲೇ ತಡೆದ.

ಮುಖ್ಯಸ್ಥರ ಲೇಖನ ಅಚ್ಚಾಗಿ ಬಂತು. ಬಳಸಿದ ಅಗರನ್ನು ತಿರುಗಿ ಪಡೆಯುವ ವಿಧಾನ, ನನ್ನ ಪರಾತ, ನನ್ನ ಶಾವಿಗೆ, ಮುಗದದ ತೂಬು, ಎಲ್ಲ ಇತ್ತು. ಕಡೆಯಲ್ಲಿ ತಿದ್ದಿ ಸೇರಿಸಿದ್ದರು: ಎಳೆಗಳನ್ನು ಯಾವ ಕಾರಣಕ್ಕೂ ಬಿಳುಪಿಸಕೂಡದು, ಪ್ರತಿ ಕಂತನ್ನೂ ಗೊತ್ತಿದ್ದ ಕ್ರಿಮಿಯಿಂದ ಪರೀಕ್ಷಿಸತಕ್ಕದ್ದು. ಹೆಸರು ಒಬ್ಬರದೇ. ತಪಾಸಣೆ ಮಂಡಳಿ ಬಂದಾಗ ಹೊಸದಾಗಿ ತೊಳೆಸಿದ ಕಂದು ಎಳೆಗಳನ್ನೇ ಮೇಜಿನ ಮೇಲಿಟ್ಟು, ಬಣ್ಣಕ್ಕೆ ಮರುಳಾಗಬಾರದು ಎಂದು ಅವರೇ ಭಾಷಣ ಮಾಡಿದರು. ನಾನು ಬಾಗಿಲ ಬಳಿ ನಿಂತು ಗಾಜು ಒರೆಸುತ್ತಿದ್ದೆ. ಹಂಗಾಮಿಯಾಗಿಯೇ. ಮಡಿವಾಳನಿಗೆ ಹಾಸ್ಟೆಲಿನ ಬಟ್ಟೆ ತಪ್ಪದಂತೆ ನೋಡಿಕೊಂಡೆ. ಅದೊಂದು ಕರಾರನ್ನು ಮುರಿಯಲಿಲ್ಲ.

ಹೊಸ ಬಾವಿಯ ನೀರನ್ನು ಬಾಯಿಯವರು ಮೂರು ಸಲ ಪರೀಕ್ಷಿಸಿದರು, ಪ್ರತಿ ಸಲವೂ ಮೂರು ತಟ್ಟೆ. ಮೂರು ಸಲವೂ ಬಾವಿ ನೀರಿನ ತಟ್ಟೆ ಬರಿದು. ಕಾಗದವನ್ನು ನಾನೇ ಒಯ್ದೆ. ಓಣಿಯ ಜನ ಕಾರ್ಖಾನೆಯ ಮುಂದೆ ಕೂಡಿದ್ದರು. ಬೀಗ ತೆಗೆದಿತ್ತು, ಯಂತ್ರದ ಪಕ್ಕದಲ್ಲಿ ಬಾಟ್ಲಿಗಳ ಸಾಲು. ಆದರೆ ಯಾರೂ ಮುಟ್ಟುತ್ತಿರಲಿಲ್ಲ. ದೋಸ್ತ ನನ್ನ ಕಾಗದವನ್ನು ತೆಗೆದುಕೊಂಡ. ಓದಲಿಲ್ಲ, ಮಡಿಚಿ ಜೇಬಿಗೆ ಹಾಕಿದ. ಒಂದು ಬಾಟ್ಲಿ ಎತ್ತಿ, ಹೆಬ್ಬೆರಳಿನಿಂದ ಗೋಲಿಯನ್ನು ಒಳಗೆ ದಬ್ಬಿದ. ಸೋಡಾ ಬುಸ್ಸೆಂದಿತು.

"ಮದಲು ನೀ ಕುಡಿ," ಎಂದ, ಎಲ್ಲರಿಗೂ ಕೇಳುವಂತೆ.

ಬಾಟ್ಲಿ ಎತ್ತಿದೆ. ಅರ್ಧ ಕುಡಿದು, ತೇಗು ಬಂದು, ಕೆಳಗಿಳಿಸಿದೆ.

"ಚೌಕಾಶಿ ಇಲ್ಲ. ಪೂರಾ."

ಓಣಿಯ ಜನ ನೋಡುತ್ತಿದ್ದರು. ಒಳಬಾಗಿಲಲ್ಲಿ ಅವನ ನಡುವಿನ ಮಗಳು, ಜ್ವರಕ್ಕೆ ಕೂದಲು ತೆಗೆಸಿದ ತಲೆ, ನೋಡುತ್ತಿದ್ದಳು. ಕಣ್ಣು ಮುಚ್ಚಿ ಬಾಟ್ಲಿಯನ್ನು ಮತ್ತೆ ಎತ್ತಿದೆ. ಗೋಲಿ ಖಾಲಿ ಗಾಜಿಗೆ ಬಡಿದು ಸದ್ದಾಗುವ ತನಕ ಇಳಿಸಲಿಲ್ಲ.